ಧವಳದೇಶಕ್ಕೊಂದು ನಿರಾಕ್ಷೇಪಣಾ ಪತ್ರ

೨೦೧೪ರಲ್ಲಿ ನನಗೆ ನಲವತ್ತೊಂದು ವರ್ಷ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ತಿಳಿವಳಿಕೆ ಬಾರದ ವಯಸ್ಸಿನಲ್ಲಿ ಮಾಡಿದ ತಪ್ಪು ಎಂದು ಯಾರೂ ನನ್ನನ್ನು ಮನ್ನಿಸಬಾರದು. ಕಳೆದ ವಾರ ಹಳೆಯ ನಿಘಂಟನ್ನು ಬಿಸಿಲಿಗೆ ಇಡಲೆಂದು ತೆಗೆದಾಗ ಅದರ ಪುಟಗಳ ನಡುವಿನಿಂದ ಹಸಿರು ದಾರವೊಂದು ಜಾರಿ ಬಿತ್ತು. ಎರಡೂ ತುದಿಗಳಲ್ಲಿ ಲೋಹದ ಕಡ್ಡಿಯಿರುವ, ಸರಕಾರಿ ಕಡತದ ಹಾಳೆಗಳನ್ನು ಪೋಣಿಸುವ ಟ್ಯಾಗ್. ಮೂಸಿದರೆ ಹಳೆಯ ಗೋಂದಿನ ವಾಸನೆ... ಮೂರನೆಯ ಮಹಡಿಯಲ್ಲಿದ್ದ ಹಿರಿಯರೊಬ್ಬರ ಕೈಗಳ ವಾಸನೆಯೂ ಅದೇ ಆಗಿತ್ತು.

ದೆಹಲಿಯ ಮಯೂರ್ ವಿಹಾರದ ನಮ್ಮ ವಸತಿ ಸೊಸೈಟಿಯಲ್ಲಿ ನಾನು ನೆಲಮಹಡಿಯವನು. ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ; ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಸಂಪಾದಕನೂ ಆಗಿದ್ದೆ. ಹಿರಿಯರು ಸೇನಾಧಿಕಾರಿಗಳಿಗೆ ತರಬೇತಿ ಕೊಡುವ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಅಲ್ಲಿ ಅಧಿಕಾರಿಗಳು ಕಾಗದದ ಮೇಲೆ ಯುದ್ಧ ಮಾಡಿ ಕಲಿಯುತ್ತಿದ್ದರು. ಅದಕ್ಕೆ ನಿಜವಾದ ದೇಶವನ್ನು ಬಳಸುವಂತಿಲ್ಲ. ಕಲ್ಪಿತ ದೇಶವೊಂದು ಬೇಕು. ಅದರ ನದಿ, ಬಂದರು, ಸೈನ್ಯ ಎಲ್ಲವನ್ನೂ ವರ್ಷವರ್ಷವೂ ಕರಡು ಮಾಡಿದವರು ಇವರು. ಸಹಿ ಹಾಕಿದವರು ಬೇರೆಯವರು.

ನಿವೃತ್ತಿಯಾದ ಮೇಲೂ ಆ ಅಭ್ಯಾಸ ಅವರನ್ನು ಬಿಡಲಿಲ್ಲ. ಊಟದ ಮೇಜಿನ ಮೇಲೆ ತಮ್ಮದೇ ಹೊಸ ದೇಶವನ್ನು ಕಟ್ಟಿ ಧವಳದೇಶ ಎಂದು ಹೆಸರಿಟ್ಟರು. ಒಂದು ಸಂಜೆ ಹದಿನಾಲ್ಕು ಹಾಳೆಗಳ ಲೇಖನ ತಂದರು: ‘ಧವಳದೇಶದ ಏಕೀಕೃತ ಸೇನಾ ಕಮಾಂಡ್‌ನ ರಚನೆ’. ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರಕ್ಕೂ ಒಬ್ಬನೇ ಮುಖ್ಯಸ್ಥ. ಅವನ ಕೆಳಗೆ ಪರ್ವತ, ಬಯಲು, ಕರಾವಳಿ ಎಂಬ ವಲಯಗಳು. ಒಂದೊಂದು ವಲಯದಲ್ಲೂ ಮೂರೂ ಸೇನೆಯವರು ಒಬ್ಬನೇ ದಳಪತಿಯ ಮಾತು ಕೇಳಬೇಕು. ಅಡುಗೆಮನೆ ಒಂದು, ಆಸ್ಪತ್ರೆ ಒಂದು, ಇಂಧನದ ಉಗ್ರಾಣ ಒಂದು. ಯಾವ ಆಜ್ಞೆಯೂ ಮೂರು ಕೈಗಳಿಗಿಂತ ಹೆಚ್ಚು ದಾಟಬಾರದು ಎಂಬುದು ಅಲ್ಲಿಯ ಮೊದಲ ನಿಯಮ. ವಾಕ್ಯಗಳು ಎಷ್ಟು ಶುದ್ಧವಾಗಿದ್ದವೆಂದರೆ ನನ್ನ ಕೆಂಪು ಪೆನ್ನಿಗೆ ಕೆಲಸವೇ ಇರಲಿಲ್ಲ. ಅದು ನನ್ನಲ್ಲಿ ಸಣ್ಣ ಅಸಮಾಧಾನವನ್ನೇ ಉಂಟುಮಾಡಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

“ಅಚ್ಚಾಗ್ಲಿ ಮೇಷ್ಟ್ರೇ,” ಎಂದರು. “ಮೊಮ್ಮಗಳು ಕೇಳ್ತಿರ್ತಾಳೆ, ‘ತಾತಾ, ಆಪ್ ಆಫೀಸ್ ಮೇ ಕರ್ತೇ ಕ್ಯಾ ಥೇ’ ಅಂತ. ಆಫೀಸಲ್ಲಿ ಏನು ಮಾಡ್ತಿದ್ದೆ ಅಂತ ತೋರ್ಸೋಕೆ ನನ್ನ ಹೆಸರಿರೋ ಒಂದು ಹಾಳೆ ಇಲ್ಲ.”

ಸಂಘದ ಅಧ್ಯಕ್ಷರು ಕೇಂದ್ರ ಸರಕಾರದ ಅಧಿಕಾರಿ. ಶೀರ್ಷಿಕೆ ಓದಿದವರೇ ಕನ್ನಡಕ ತೆಗೆದರು. “ಡಿಫೆನ್ಸ್ ವಿಷ್ಯ. ಎನ್‌ಓಸಿ ಇದ್ಯಾ?”

ನಾನು ಅಲ್ಲಿಯೇ ನಗಬೇಕಿತ್ತು. ನಮ್ಮ ಜನ ಪಾಸ್‌ಪೋರ್ಟಿಗೆ, ಬಾಡಿಗೆ ಮನೆಗೆ, ಬಾಲ್ಕನಿಗೆ ಗ್ರಿಲ್ ಹಾಕಿಸುವುದಕ್ಕೂ ನಿರಾಕ್ಷೇಪಣಾ ಪತ್ರ ತಂದು ತಂದು ಒಗ್ಗಿಹೋದವರು. ಇಲ್ಲದ ದೇಶಕ್ಕೂ ಅದು ಬೇಕೆಂಬುದು ಸಭೆಯಲ್ಲಿದ್ದ ಯಾರಿಗೂ ವಿಚಿತ್ರವೆನಿಸಲಿಲ್ಲ. ನಡಾವಳಿ ಪುಸ್ತಕದಲ್ಲಿ ನಾನೇ ಅಂದವಾಗಿ ಬರೆದೆ: ಪತ್ರ ಬಂದ ನಂತರ ಪ್ರಕಟಿಸತಕ್ಕದ್ದು.

ವಿಷಯ ತಿಳಿಸಿದಾಗ ಹಿರಿಯರು ಜೋರಾಗಿ ನಕ್ಕರು. “ಇಲ್ಲದ ದೇಶಕ್ಕೆ ಎನ್‌ಓಸಿ ಯಾರು ಕೊಡ್ತಾರ್ರೀ?”

“ದೇಶ ಇಲ್ಲದಿರಬಹುದು ಸರ್. ನೀವು ಕೆಲಸ ಮಾಡಿದ ಕಚೇರಿ ಇದೆಯಲ್ಲ,” ಎಂದೆ. ಆ ಉತ್ತರದ ಅಚ್ಚುಕಟ್ಟುತನವನ್ನು ನಾನೇ ಮೆಚ್ಚಿಕೊಂಡಿದ್ದೆ.

ಅವರ ನಗು ನಿಂತಿತು. “ಅಚ್ಛಾ,” ಎಂದು ಮೆಟ್ಟಿಲೇರಿದರು.

ಮೂವತ್ತೊಂದು ವರ್ಷ ಕಡತ ನಡೆಸಿದವರು ಮತ್ತೆ ವಾದಿಸಲಿಲ್ಲ. ಅದೇ ಈಗ ಹೆಚ್ಚು ಚುಚ್ಚುತ್ತದೆ. ಅರ್ಜಿ ಬರೆದರು. ಪ್ರತಿ ಸೋಮವಾರ ಇಸ್ತ್ರಿಯ ಅಂಗಿ ತೊಟ್ಟು ಮೆಟ್ರೋ ಹಿಡಿದು ಹೋದರು. ತಾವೇ ದುಡಿದ ಕಚೇರಿಯ ಗೇಟಿನಲ್ಲಿ ಸಂದರ್ಶಕರ ಚೀಟಿಗಾಗಿ ಸಾಲಿನಲ್ಲಿ ನಿಂತರು. ಏನಾಯಿತೆಂದು ನಾನು ಕೇಳಿದರೆ, “ಹನ್ನೊಂದನೇ ಮೇಜಿಗೆ ಬಂದಿದೆ. ನಮ್ಮ ಧವಳದೇಶದಲ್ಲಾಗಿದ್ರೆ ಇಷ್ಟೊತ್ತಿಗೆ ಯುದ್ಧ ಮುಗ್ದು ಲಡ್ಡು ಹಂಚ್ತಿದ್ರು,” ಎನ್ನುತ್ತಿದ್ದರು.

ಆ ವರ್ಷದ ಸಂಚಿಕೆ ಹೊರಬಂತು, ಮರುವರ್ಷದ್ದೂ ಬಂತು. ಬಿಸಿಬೇಳೆ ಹುಳಿಯನ್ನ ಮಾಡುವ ಬಗೆ, ಹರಿದ್ವಾರದ ಪ್ರವಾಸ, ಅಧ್ಯಕ್ಷರ ಭಾವಚಿತ್ರ... ಇವಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ.

೨೦೧೬ರ ಚಳಿಗಾಲ. ಹೊಗೆಮಂಜು ಕವಿದ ವಾರದಲ್ಲಿ ಹಿರಿಯರ ಉಸಿರಾಟ ಕೆಟ್ಟಿತು. ಆಸ್ಪತ್ರೆಗೆ ಹೋದ ನನ್ನನ್ನು ಕಂಡು ಆಮ್ಲಜನಕದ ಮಾಸ್ಕನ್ನು ಸರಿಸಿ ಅವರು ಕೇಳಿದ್ದು ಒಂದೇ: “ಈ ಸಲದ ಸಂಚಿಕೆಗೆ ಕೊನೇ ತಾರೀಖು ಯಾವಾಗ ಮೇಷ್ಟ್ರೇ?”

ನಾನು ತಾರೀಖು ಹೇಳಿದೆ. ಹೇಳಬೇಕಾಗಿದ್ದದ್ದು ಅದಲ್ಲ... ಮೂರು ದಿನಗಳ ನಂತರ ಅವರು ತೀರಿಕೊಂಡರು.

ಮರುವರ್ಷ ಮೊಮ್ಮಗಳು ಲಕೋಟೆಯೊಂದನ್ನು ಹಿಡಿದು ನಮ್ಮ ಬಾಗಿಲಿಗೆ ಬಂದಳು. “ಅಂಕಲ್, ತಾತಂಗೆ ಲೆಟರ್ ಆಯಾ ಹೈ.” ಒಳಗಿದ್ದದ್ದು ಒಂದೇ ವಾಕ್ಯ: ತಾವು ಉಲ್ಲೇಖಿಸಿದ ರಾಷ್ಟ್ರವು ಅಸ್ತಿತ್ವದಲ್ಲಿ ಇಲ್ಲದಿರುವುದರಿಂದ ಆಕ್ಷೇಪಣೆಯ ಪ್ರಶ್ನೆ ಉದ್ಭವಿಸುವುದಿಲ್ಲ. ಅಷ್ಟರಲ್ಲಿ ನಮ್ಮ ಸಂಚಿಕೆಯೇ ಅಸ್ತಿತ್ವದಲ್ಲಿ ಇರಲಿಲ್ಲ. ಮಕ್ಕಳು ಕನ್ನಡ ಓದುವುದಿಲ್ಲವೆಂದು ಹೊಸ ಸಮಿತಿ ಅದನ್ನು ನಿಲ್ಲಿಸಿತ್ತು.

ನಾನು ಕಪಾಟಿನಿಂದ ಲೇಖನ ತೆಗೆದು, ಟ್ಯಾಗ್ ಬಿಚ್ಚಿ, ಹಾಳೆಗಳನ್ನು ಮೇಜಿನ ಮೇಲೆ ಹರಡಿ ಅವಳಿಗೆ ಓದಿ ಹೇಳಿದೆ. ಮುಖ್ಯಸ್ಥನಿಂದ ವಲಯಗಳಿಗೆ, ವಲಯಗಳಿಂದ ದಳಗಳಿಗೆ ಇಳಿಯುವ ಗೆರೆಗಳ ಮೇಲೆ ಅವಳು ಬೆರಳಾಡಿಸುತ್ತ ಬಂದಳು. ಕೊನೆಯ ಹಾಳೆಯ ಅಡಿಯಲ್ಲಿ ಬೆರಳು ನಿಂತಿತು.

“ತಾತನ ನಾಮ್ ಕಹಾಂ ಹೈ?”

ಹೆಸರಿರಲಿಲ್ಲ. ಕರಡು ಮಾಡಿದವನು ತನ್ನ ಹೆಸರು ಬರೆಯುವ ಪದ್ಧತಿ ಅವರ ಕಚೇರಿಯಲ್ಲಿ ಇರಲಿಲ್ಲ. ಆ ಅಭ್ಯಾಸದಿಂದಲೇ ಸಹಿಗೆಂದು ಎರಡು ಅಂಗುಲ ಜಾಗ ಬಿಟ್ಟಿದ್ದರು. ಒಪ್ಪಿಗೆ ಬಂದ ಮೇಲೆ ತುಂಬೋಣ ಎಂದುಕೊಂಡಿದ್ದರೋ ಏನೋ... ಮೂರು ವರ್ಷ ಲೇಖನ ನನ್ನ ಬಳಿಯಿದ್ದರೂ ಸಂಪಾದಕನಾದ ನಾನು ಅದನ್ನು ಗಮನಿಸಿರಲಿಲ್ಲ.

ಈಗ ನಾನು ಪಾಠ ಹೇಳುವುದನ್ನು ಬಿಟ್ಟಿದ್ದೇನೆ. ಮೂರನೆಯ ಮಹಡಿಯಲ್ಲಿ ಬೇರೆಯವರಿದ್ದಾರೆ. ಹಾಳೆಗಳನ್ನು ಮೊಮ್ಮಗಳು ಅಂದೇ ಒಯ್ದಳು. ಪೋಣಿಸಲು ಏನೂ ಇಲ್ಲದ ಟ್ಯಾಗ್ ನನ್ನಲ್ಲಿ ಉಳಿಯಿತು. ಆ ಲೇಖನ ಎಲ್ಲಿಯೂ ಅಚ್ಚಾಗಲಿಲ್ಲ, ಇನ್ನು ಆಗುವುದೂ ಇಲ್ಲ. ಆದರೆ ಅಂದು, ಹಾಳೆಗಳನ್ನು ಕೊಡುವ ಮೊದಲು, ಅವಳು ನೋಡುತ್ತಿದ್ದಂತೆ, ಬೇರೆ ಪೆನ್ನು ಕೈಗೆ ಸಿಗದೆ, ಕೆಂಪು ಶಾಯಿಯಲ್ಲಿಯೇ ನಾನು ಆ ಎರಡು ಅಂಗುಲ ಜಾಗದಲ್ಲಿ ಅವರ ಪೂರ್ಣ ಹೆಸರನ್ನು ಬರೆದು, ಅದರ ಕೆಳಗೆ ದಿನಾಂಕ ಹಾಕಿದೆ: ಮಂಗಳವಾರ, ೧೨ ಸೆಪ್ಟೆಂಬರ್ ೨೦೧೭.