ಅಳಿಯನಿಗೆಂದು ಕಲಿತ ಕಡಲ ಹಾಡು

ಮಗಳನ್ನು ಕರಾವಳಿಗೆ ಕೊಟ್ಟ ಮೇಲೆ ನನಗೊಂದು ಹೊಸ ಕಷ್ಟ ಶುರುವಾಯಿತು. ಅಳಿಯ ಮೀನು ಹಿಡಿಯುವ ಬೋಟಿನಲ್ಲಿ ದುಡಿಯುವವನು. ನಾನು ಎಮ್ಮಿಗನೂರಿನಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರಿನವನು. ಕಡಲನ್ನು ಮದುವೆಯ ದಿನ ದೂರದಿಂದ ಕಂಡದ್ದಷ್ಟೇ. ಫೋನಿನಲ್ಲಿ "ಆರಾಮ ಅದೀರಾ?", "ಆರಾಮ, ಮಾವ" ಎಂದರೆ ಇಬ್ಬರಿಗೂ ಮಾತು ಮುಗಿಯುತ್ತಿತ್ತು.

ದೀಪಾವಳಿಗೆ ಅವನು ಮೊದಲ ಸಲ ನಮ್ಮ ಮನೆಗೆ ಬರುವುದಿತ್ತು. ಮಗಳು ಮುಂಚೆಯೇ ಹೇಳಿದಳು: "ಅಪ್ಪಾ, ಅವ್ರು ಭಾಳ ನಾಚ್ಕಿ ಮನುಷ್ಯ. ನೀ ಸುಮ್ನ ಕುಂತ್ರ ಅವ್ರೂ ಸುಮ್ನ ಕುಂದರ್ತಾರ. ಈ ಮನಿ ತಮ್ದಲ್ಲ ಅನಿಸ್ತಂದ್ರ ಮತ್ತ ಬರಂಗಿಲ್ಲ ನೋಡು."

ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಬಾರದ್ದನ್ನೆಲ್ಲ ದುಡಿಯುತ್ತಲೇ ಕಲಿತದ್ದು. ಅಳಿಯನೊಡನೆ ಮಾತಿಗಾದೀತೆಂದು ಹೊಸಪೇಟೆಯ ಮೊಬೈಲ್ ಅಂಗಡಿಯಲ್ಲಿ ಕಡಲಿನವರ ಹಳೆಯ ಜನಪದ ಹಾಡುಗಳ ಒಂದು ಆಲ್ಬಂ ಹುಡುಕಿಸಿ ಪೆನ್‌ಡ್ರೈವಿಗೆ ಹಾಕಿಸಿಕೊಂಡೆ. ಟ್ರ್ಯಾಕ್ಟರಿಗೆ ದೊಡ್ಡ ಸ್ಪೀಕರುಗಳಿದ್ದವು. ಮೊದಲ ದಿನ ಏನೂ ತಲೆಗೆ ಹತ್ತಲಿಲ್ಲ. ಒಬ್ಬ ಮುದುಕ ಹಾಡೆತ್ತುತ್ತಾನೆ, ಹಿಂದೆ ಹತ್ತಾರು ಗಂಟಲು "ಐಲೇಸಾ" ಎನ್ನುತ್ತವೆ. ಬಲೆ ಎಳೆಯುವ ಹಾಡು. ಕೆಲವೇ ದಿನಗಳಲ್ಲಿ, ತುಂಬಿದ ಟ್ರಾಲಿ ಏರು ಹತ್ತುವಾಗ ನನ್ನ ಬಾಯಲ್ಲೂ ಐಲೇಸಾ ಬರತೊಡಗಿತು. ಭಾರ ಎಳೆದವರಿಗೆ ಅದೇನು ಹೊರಗಿನ ಹಾಡಲ್ಲ. ದೋಣಿ ಮರಳಿ ಬರುವ ಹಾಡಂತೂ ನನಗೆ ಇನ್ನೂ ಹೆಚ್ಚು ಹಿಡಿಸಿತು. ಮುದುಕನ ದನಿ ತೆಳ್ಳಗಾಗುತ್ತ ಹೋಗಿ, ದಡ ಕಂಡವನ ಹಾಗೆ ತಟ್ಟನೆ ನಿಂತುಬಿಡುತ್ತದೆ.

ಕಂಪ್ಲಿಯಲ್ಲಿ ಜೊತೆಯ ಡ್ರೈವರೊಬ್ಬ ಕೂಗಿದ: "ಏನಪೋ, ಟ್ರಾಲ್ಯಾಗ ಕಬ್ಬೈತೋ ಮೀನೈತೋ?"

ಅಳಿಯ ಬಂದ. ಮಂಚದ ತುದಿಯಲ್ಲಿ ಕೂತ. ಹೋಳಿಗೆ ತಿಂದ, ನೀರು ಕುಡಿದ, ಮತ್ತೆ ಮಂಚದ ತುದಿ. ಮಗಳು ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಮರುದಿನ ಬೆಳಿಗ್ಗೆ ನಾನೇ ಎದ್ದೆ. "ಬರ್ರಿ ಅಳಿಯಂದ್ರ, ಕಮಲಾಪುರದ ಆಲೆಮನಿಗೆ ಲೋಡ್ ಐತಿ. ಹೋಗಿಬರೂಣು."

ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಹಾಡು ಹಚ್ಚಿದೆ. ಓರೆಗಣ್ಣಿನಿಂದ ಅವನ ಮುಖ ನೋಡಿದೆ. "ಹೆಂಗದಾವ್ರೀ ನಿಮ್ಮ ಹಾಡು?"

ಅವನು ಕತ್ತು ತುರಿಸಿಕೊಂಡ. "ಮಾವ, ನಂಗೆ ಇವು ಬರೂದಿಲ್ಲ. ಈಗ ಬಲೆ ಮಿಷನ್ ಎಳೀತದೆ. ಬೋಟಲ್ಲಿ ಸಿನಿಮಾ ಹಾಡು ಹಾಕ್ತಾರೆ."

"ಒಂದೂ ಬರಂಗಿಲ್ಲ?"

"ಅಜ್ಜ ಹಾಡ್ತಿದ್ದ."

"ಅಯ್ಯ! ನಿಮಗಂತ ನಾ ಪೂರಾ ಬಾಯಿಪಾಠ ಮಾಡೀನಲ್ರೀ!"

ಅವನು ನಕ್ಕ ನಗೆಗೆ ಮಡ್‌ಗಾರ್ಡಿನಿಂದ ಜಾರುವುದೊಂದು ಬಾಕಿ. "ಹಂಗಾರೆ ನೀವೇ ಕಲಿಸಿ ಮಾವ" ಎಂದ. ನಾನು ಹಾಡೆತ್ತಿದೆ, ಅವನು ಐಲೇಸಾ ಹಿಡಿದ. ಕಮಲಾಪುರ ಬರುವಷ್ಟರಲ್ಲಿ ಬೋಟು, ಅಲೆ, ಈಗ ಜಗಲಿ ಬಿಟ್ಟೇಳದ ಅಜ್ಜ, ಎಲ್ಲವನ್ನೂ ಹೇಳಿದ. ನನ್ನ ಕಬ್ಬು, ಕೆಸರು, ಟೈರುಗಳನ್ನೂ ಕೇಳಿದ. ಮನೆಗೆ ಮರಳಿದಾಗಲೂ ಮಾತು ನಿಂತಿರಲಿಲ್ಲ. ಮಗಳು ನನ್ನ ಕಿವಿಯಲ್ಲಿ, "ಏನ್ ಮಾಡಿದ್ಯೋ ಅಪ್ಪಾ ಅವ್ರಿಗೆ? ಅವ್ರ ಮನ್ಯಾಗೂ ಇಷ್ಟ್ ಮಾತಾಡಂಗಿಲ್ಲ!" ಎಂದಳು.

ಹೊರಡುವಾಗ ಅವನು ತಡವರಿಸಿದ. "ಮಾವ, ಆ ಪೆನ್‌ಡ್ರೈವ್... ಅಜ್ಜನಿಗೆ ಕೇಳಿಸ್ಬೇಕಿತ್ತು. ಸಂಕ್ರಾಂತಿಗೆ ನಾನೇ ತಂದುಕೊಡ್ತೆ."

ಇನ್ನೊಂದು ಕಾಪಿ ಮಾಡಿಸಿ ಕೊಡಬಹುದಿತ್ತು, ಏನು ಮಹಾ ಕೆಲಸ. ಮಾಡಿಸಲಿಲ್ಲ. ಟ್ರ್ಯಾಕ್ಟರಿನಿಂದ ಕಿತ್ತು ಅವನ ಕೈಗೇ ಇಟ್ಟೆ.

ಈಗ ಸ್ಪೀಕರುಗಳು ಸುಮ್ಮನಿವೆ. ಏರು ಬಂದಲ್ಲಿ ನಾನೇ ಹಾಡಿಕೊಳ್ಳುತ್ತೇನೆ. ಸಂಕ್ರಾಂತಿ ಇನ್ನೇನು ದೂರವಿಲ್ಲ.