ಮೂರು ಊರು, ಮೂರು ಲಕೋಟೆ

ಜನವರಿಯ ಒಂದು ಮುಂಜಾನೆ ಏಳು ಗಂಟೆಗೆ ಕಲಬುರಗಿಯಲ್ಲಿ ಆಳಂದದ ಬಸ್ಸು ಹತ್ತಿದೆ. ಸುಮಾರು ನಲವತ್ತು ಕಿಲೋಮೀಟರಿನ ಹಾದಿ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಹೆಣ್ಣುಮಕ್ಕಳ ಶೂನ್ಯ ಟಿಕೆಟ್ ಹರಿದು ಕೊಟ್ಟ. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ಶಾಲನ್ನು ಕಿವಿಯವರೆಗೆ ಎಳೆದುಕೊಂಡು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅದರಲ್ಲಿ ಕೈಹಿಡಿತದ ಬಲ ಅಳೆಯುವ ಉಪಕರಣ ಮತ್ತು ಅಂಟು ಹಾಕಿದ ಮೂರು ಲಕೋಟೆಗಳಿದ್ದವು.

ನಾನು ಧಾರವಾಡದವಳು, ಫಿಸಿಯೋಥೆರಪಿಸ್ಟ್. ಎರಡು ವರ್ಷದಿಂದ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ, ಬೆನ್ನುಹುರಿಗೆ ಪೆಟ್ಟಾದವರಿಗೆ ಸಂಬಂಧಿಸಿದ ಸಂಶೋಧನೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕುತ್ತಿಗೆಯ ಹತ್ತಿರ ಬೆನ್ನುಹುರಿ ಜಜ್ಜಿದರೆ ಮಿದುಳು ಹೇಳಿದ್ದು ಕೈಗೆ ತಲುಪುವುದಿಲ್ಲ. ಆದರೆ ಎಷ್ಟೋ ಜನರಲ್ಲಿ ಹುರಿ ಪೂರ್ತಿ ಕಡಿದಿರುವುದಿಲ್ಲ, ಅಲ್ಲೊಂದು ಇಲ್ಲೊಂದು ನರದ ಎಳೆ ಉಳಿದಿರುತ್ತದೆ. ಕತ್ತಿನ ಹಿಂದೆ ಚರ್ಮದ ಮೇಲೆ ಪಟ್ಟಿ ಅಂಟಿಸಿ, ಸಣ್ಣಗೆ ಕರೆಂಟು ಹರಿಸುತ್ತ, ಅದೇ ಹೊತ್ತಿಗೆ ಕೈಗೆ ಕಸರತ್ತು ಮಾಡಿಸಿದರೆ ಆ ಎಳೆಗಳು ಚುರುಕಾಗುತ್ತವೆಯೇ ಎಂಬುದು ನಮ್ಮ ಪ್ರಶ್ನೆ. ಕಸರತ್ತು ಎಲ್ಲರಿಗೂ ಒಂದೇ. ಅರ್ಧ ಜನರಿಗೆ ನಿಜವಾದ ಕರೆಂಟು, ಉಳಿದವರಿಗೆ ಸ್ವಲ್ಪ ಹೊತ್ತು ಚುರುಚುರು ಎಂದು ಸುಮ್ಮನಾಗಿಬಿಡುವ ಯಂತ್ರ. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿರಲಿಲ್ಲ, ಅಳತೆ ತೆಗೆಯುವ ನನಗೂ ಗೊತ್ತಿರಲಿಲ್ಲ. ಇದನ್ನು ತಿಳಿದೇ ಎಲ್ಲರೂ ಒಪ್ಪಿ ಬಂದಿದ್ದರು. ಈಗ ಅವರ ಮನೆಗೇ ಹೋಗಿ ಕೊನೆಯ ಅಳತೆ ತೆಗೆದು, ಯಾವ ಯಂತ್ರ ಬಂದಿತ್ತೆಂದು ಬರೆದಿಟ್ಟ ಲಕೋಟೆಯನ್ನು ಅವರೆದುರಿಗೇ ಒಡೆಯಬೇಕಿತ್ತು. ಸುಮ್ಮನಿದ್ದ ಯಂತ್ರ ಬಂದವರು ಬಯಸಿದರೆ ನಿಜವಾದ ಚಿಕಿತ್ಸೆ ಪಡೆಯಬಹುದಿತ್ತು.

ಆಳಂದದಲ್ಲಿ ಚಹಾ, ಒಗ್ಗರಣೆ ಹಾಕಿದ ಮಂಡಕ್ಕಿಯ ಸೂಸಲಾ. ಅಲ್ಲಿಂದ ಇನ್ನೊಂದು ಬಸ್ಸಿಗೆ ಮಾದನಹಿಪ್ಪರಗಾ. ಹಾದಿಯ ಎರಡೂ ಕಡೆ ತೊಗರಿ ಕೊಯ್ಲು ನಡೆದಿತ್ತು. ಬಸ್ಸಿನೊಳಗೂ ಅದರ ಧೂಳು ಬಂದು ಎಲ್ಲರೂ ಸರದಿಯಂತೆ ಸೀನುತ್ತಿದ್ದೆವು.

ಮೊದಲ ಲಕೋಟೆ ಇಲ್ಲಿನ ಮಹಿಬೂಬಸಾಬರದು, ಗಾದಿ ಹೊಲಿಯುವವರು. ಟಂಟಂ ಆಟೋ ಪಲ್ಟಿಯಾಗಿ ಕುತ್ತಿಗೆಗೆ ಪೆಟ್ಟಾಗಿತ್ತು. ನಾನು ಹೊಸ್ತಿಲು ದಾಟುವುದಕ್ಕೂ ಕಾಯದೆ ಚಹಾದ ಕಪ್ಪನ್ನು ತಾವೇ ಎತ್ತಿ ತೋರಿಸಿದರು.

"ನೋಡ್ರಿ ಮೇಡಂ, ನಿಮ್ಮ ಕರೆಂಟಿನ ಕಮಾಲ್! ಊರಾಗ ಎಲ್ಲಾರಿಗೂ ಹೇಳೇನಿ."

ಅಳತೆ ತೆಗೆದೆ. ಹಿಡಿತ ಮೊದಲಿಗಿಂತ ಚೆನ್ನಾಗಿಯೇ ಬಲಿತಿತ್ತು. ಲಕೋಟೆ ಒಡೆದರೆ, ಅವರಿಗೆ ಕರೆಂಟು ಹರಿದೇ ಇರಲಿಲ್ಲ. ಚೀಟಿಯಲ್ಲಿದ್ದುದನ್ನು ಓದಿ ಹೇಳಿದೆ. ಅವರು ತಮ್ಮ ಕೈಯನ್ನು ಯಾರದೋ ಕೈ ಎಂಬಂತೆ ತಿರುಗಿಸಿ ನೋಡಿಕೊಂಡರು.

"ಮತ್ತ ಇದು ಹ್ಯಾಂಗ ಎದ್ದಿತ್ರಿ?"

"ಬರೀ ಕಸರತ್ತಿಗೂ ಒಮ್ಮೊಮ್ಮೆ ಎಳೆಗಳು ಎಚ್ಚರಾಗ್ತಾವ ಸಾಬರ. ನೀವು ಬಿಡದ ಮಾಡೀರಿ."

ಒಲೆಯ ಹತ್ತಿರ ಕೂತಿದ್ದ ಹೆಂಡತಿ ಹಸೀನಾಬೀ ಎದ್ದೇ ಬಂದರು. "ದಿನಾ ಮುಂಜಾನಿ ಪರಾತದಾಗ ತೊಗರಿಕಾಳು ಹಾಕಿ ಒಂದೊಂದ ಆರಸ್ರಿ ಅಂತ ಕುಂಡ್ರಸ್ದಾಕಿ ಯಾರ್ರಿ? ಬೈಸ್ಕೊಂಡಾಕಿ ಯಾರ್ರಿ? ನೋಡ್ರಿ ಬೇಟಿ, ಆ ಕರೆಂಟ್ ನಾನೇ ಇದ್ದೆ!"

ಮಹಿಬೂಬಸಾಬರು ಮೊದಲು ಮುಖ ಊದಿಸಿಕೊಂಡರು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. "ನಿಜವಾದ್ದೂ ಕೊಡ್ರಿ ಮೇಡಂ. ಎರಡೂ ಕರೆಂಟ್ ಕೂಡಿದ್ರ ಗಾದಿ ಹೊಲಿತೇನಿ," ಎಂದರು.

ಅಫಜಲಪುರ ತಲುಪಿದಾಗ ಸಂಜೆ ನಾಲ್ಕು. ಸುಜಾತಾ ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಸ್ಕೂಟರ್ ಜಾರಿ ಬಿದ್ದ ಮೇಲೆ ವರ್ಷವಿಡೀ ರಜೆಯಲ್ಲಿದ್ದವಳು, ಈಗ ಗಾಲಿಕುರ್ಚಿಯಲ್ಲಿ ಶಾಲೆಗೆ ಹೋಗುತ್ತಾಳೆ. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಒಂದು ಕರಿಹಲಗೆ. ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಹಿಡಿದು ಒಂದು ತ್ರಿಕೋನ ಬರೆದು ತೋರಿಸಿದಳು. ಗೆರೆ ಸೊಟ್ಟಗಿತ್ತು, ಆದರೆ ಮೂರು ಮೂಲೆಯೂ ಕೂಡಿದ್ದವು. ಲಕೋಟೆಯಲ್ಲಿ ನಿಜವಾದ ಕರೆಂಟು ಎಂದಿತ್ತು.

"ಹಂಗಾದ್ರ ಇದ್ರಾಗ ನಾ ಮಾಡಿದ್ದೆಷ್ಟು, ಅದು ಮಾಡಿದ್ದೆಷ್ಟು?" ಎಂದು ಕೇಳಿದಳು.

"ಒಬ್ಬರ ಕೈ ನೋಡಿ ಹೇಳಾಕ ಬರಂಗಿಲ್ಲವ್ವಾ. ಭಾಳ ಮಂದೀದು ಕೂಡಿಸಿ ನೋಡಿದ್ರ ಮಾತ್ರ ಗೊತ್ತಾಗ್ತದ. ಇಲ್ಲೀತನಕ ಲಕೋಟೆ ಒಡೆದವರದ್ದು ಕೂಡಿಸಿ ನೋಡಿದಾಗ ಕರೆಂಟು ಬಂದವರ ಕೈ ಸ್ವಲ್ಪ ಮುಂದ ಅದಾವ."

"ಸ್ವಲ್ಪ," ಎಂದು ಅವಳು ಆ ಪದವನ್ನೇ ತೂಗಿ ನೋಡಿದಂತೆ ಹೇಳಿ, ಅಡ್ಡಿಯಿಲ್ಲ ಎನ್ನುವಂತೆ ತಲೆಯಾಡಿಸಿದಳು. ಆ ದಿನ ಅವರ ಮನೆಯಲ್ಲೇ ಉಳಿದೆ. ಅವಳ ತಾಯಿ ಬಿಸಿ ರೊಟ್ಟಿಯ ಜೊತೆ ಪುಂಡಿಪಲ್ಯ ಬಡಿಸಿ, ಸಾಕೆಂದರೂ ಕೇಳಲಿಲ್ಲ.

ಮರುದಿನ ಭೀಮಾ ನದಿಯ ಸೇತುವೆ ದಾಟಿ, ಎರಡು ಬಸ್ಸು ಬದಲಿಸಿ ಜೇವರ್ಗಿ ತಾಲ್ಲೂಕಿನ ನೆಲೋಗಿಗೆ ಹೊರಟೆ. ಬಿಸಿಲು ಏರಿತ್ತು, ಶಾಲು ಚೀಲ ಸೇರಿತು. ಉಳಿದ ಒಂದು ಲಕೋಟೆ ಭೀಮರಾಯರದು. ತೊಗರಿ ರಾಶಿ ಮಾಡುವ ಮಷೀನಿನ ಮೇಲಿಂದ ಬಿದ್ದವರು. ಮೊಣಕೈ ಮಡಚಬಲ್ಲರು, ಬೆರಳು ಒಂದೂ ಆಡವು. ನಮ್ಮಲ್ಲಿಗೆ ಬಂದ ಎಲ್ಲರಿಗಿಂತ ಹೆಚ್ಚು ನಿಷ್ಠೆಯಿಂದ ಕಸರತ್ತು ಮಾಡಿದವರು ಅವರೇ, ಆದರೂ ಅಳತೆಯ ಮುಳ್ಳು ಒಮ್ಮೆಯೂ ಅಲುಗಿರಲಿಲ್ಲ. ಅಳೆಯುವವಳು ಯಾವುದನ್ನೂ ಬಯಸಬಾರದು. ನಾನು ಮಾತ್ರ ಬಸ್ಸಿನಲ್ಲಿ ಉದ್ದಕ್ಕೂ ಒಂದನ್ನೇ ಬಯಸಿದೆ: ಇವರಿಗೆ ಸುಮ್ಮನಿದ್ದ ಯಂತ್ರವೇ ಬಂದಿರಲಿ. ಹಾಗಿದ್ದರೆ ಇನ್ನೊಂದು ದಾರಿ ಉಳಿದಿರುತ್ತದೆ.

ಅಂಗಳದ ಬೇವಿನ ನೆರಳಲ್ಲಿ ಗಾಲಿಕುರ್ಚಿ ಹಾಕಿಕೊಂಡು ಅವರು ಕಾಯುತ್ತಿದ್ದರು. ಪಕ್ಕದಲ್ಲಿ ಹೆಂಡತಿ ಮಲ್ಲಮ್ಮ. ಮುಳ್ಳು ಈ ಸಲವೂ ಅಲುಗಲಿಲ್ಲ.

"ಒಡೀರಿ ಮೇಡಂ," ಎಂದರು ಭೀಮರಾಯ. "ನನಗ ಸುಳ್ಳ ಕರೆಂಟೇ ಬಂದಿರಬೇಕು. ಖರೇದು ಇನ್ನೂ ಬರೋದದ."

ಒಡೆದೆ. ಓದಿದೆ. ಅವರಿಬ್ಬರೂ ನನ್ನ ಮುಖ ನೋಡುತ್ತಿದ್ದರು.

"ಖರೇ ಕರೆಂಟೇ ಬಂದಿತ್ರಿ," ಎಂದೆ.

ಮಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಭೀಮರಾಯ ಹೊಲದ ಕಡೆ ಮುಖ ತಿರುಗಿಸಿದರು.

"ನನಗ್ಯಾಕ ನಡೀಲಿಲ್ಲ?"

"ಗೊತ್ತಿಲ್ರಿ. ಎಳೆಗಳು ಉಳಿದಿಲ್ಲೇನೋ, ಉಳಿದಿದ್ರೂ ಭಾಳ ಕಡಿಮಿ ಇರಬಹುದು. ನಿಮ್ಮಂಥವರ ಕುತ್ತಿಗಿದು ಮತ್ತ ಸ್ಕ್ಯಾನ್ ಮಾಡಿ ನೋಡಬೇಕಂತ ಡಾಕ್ಟರರು ಹೇಳ್ಯಾರ. ಆದ್ರ ಅದ್ರಿಂದ ನಿಮ್ಮ ಕೈ ಬರಂಗಿಲ್ಲ. ನೀವು ಆಸ್ಪತ್ರಿಗೆ ಬರಲೇಬೇಕಂತ ಏನೂ ಇಲ್ಲ."

"ಬರ್ತೇನಿ," ಎಂದರು. "ನಂದೂ ಬರಕೋರಿ. ನಡೀಲಿಲ್ಲ ಅಂತನೇ ಬರೀರಿ, ಬಿಡಬ್ಯಾಡ್ರಿ. ಮುಂದ ನನ್ನಂಥವ ಬಂದ್ರ ಅವನ್ನ ಎರಡು ವರ್ಷ ಕಾಯಸಬ್ಯಾಡ್ರಿ."

ನಾನು ಬರೆದುಕೊಳ್ಳುತ್ತಿದ್ದಂತೆ ತಾವೇ ಕೇಳಿದರು. "ಅಂಗೈಗೆ ಕಟ್ಟೋ ಪಟ್ಟಿ, ಚಮಚ ಸಿಗಸೋದು, ಅದು ಇನ್ನೂ ನಿಮ್ಮ ಹತ್ರ ಅದ ಏನ್ರಿ?"

ಅದನ್ನು ಅವರಿಗೆ ಮೊದಲ ತಿಂಗಳೇ ಕೊಟ್ಟಿದ್ದೆವು. ತಮ್ಮ ಬೆರಳೇ ಮತ್ತೆ ಆಡುವಾಗ ಇದ್ಯಾಕೆ ಎಂದು ವಾಪಸು ಕಳಿಸಿದ್ದರು. ನನ್ನ ಚೀಲದ ತಳದಲ್ಲಿ ಅಂಥ ಒಂದು ಪಟ್ಟಿ ಇತ್ತು. ಬಲ ಅಂಗೈಗೆ ಸುತ್ತಿ ಬಿಗಿದು ಚಮಚ ಸಿಗಿಸಿದೆ. ಮಲ್ಲಮ್ಮ ಹಲವು ಕಾಳು, ತರಕಾರಿ ಕೂಡಿಸಿ ಕುದಿಸಿದ ಭಜ್ಜಿ ತಂದಳು, ಕಣ್ಣು ಇನ್ನೂ ಕೆಂಪಗಿದ್ದವು. ಎಂದಿನಂತೆ ತಾನೇ ತುತ್ತು ಮಾಡಲು ಕೈ ಹಾಕಿದಳು.

"ತಡೀ," ಎಂದರು ಭೀಮರಾಯ.

ಮೊದಲ ಚಮಚ ಅಂಗಿಯ ಮೇಲೆ ಚೆಲ್ಲಿತು. ಎರಡನೆಯದು ಗದ್ದಕ್ಕೆ ತಾಗಿತು. ಮೂರನೆಯದು ಬಾಯಿಗೆ ಹೋಯಿತು. ಅವರು ನಿಧಾನವಾಗಿ ಅಗಿದರು.

"ಉಪ್ಪು ಕಡಿಮಿ ಆಗ್ಯದ," ಎಂದರು.

"ಇಷ್ಟು ದಿನ ನಾ ಉಣಸುವಾಗ ಒಂದ ಮಾತು ಹೇಳಲಿಲ್ಲ!" ಎಂದಳು ಮಲ್ಲಮ್ಮ. ಸಿಟ್ಟೋ ಸಂತೋಷವೋ, ಅವಳಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ನನಗೂ ಬಡಿಸಿದಳು. ಉಪ್ಪು ಸರಿಯಾಗಿಯೇ ಇತ್ತು.

ಮೂರು ಗಂಟೆಗೆ ಜೇವರ್ಗಿಯ ಬಸ್ಸು. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಭೀಮರಾಯ ಎರಡನೆಯ ಸಲ ಬಡಿಸಿಕೊಂಡು ಬಟ್ಟಲಿನ ಮೇಲೆ ಬಾಗಿದ್ದರು. ಎದುರಿಗೆ ಮಲ್ಲಮ್ಮ, ಬರಿದಾದ ಎರಡೂ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು, ಗಂಡ ಉಣ್ಣುವುದನ್ನು ನೋಡುತ್ತ ಕೂತಿದ್ದಳು.