ಯಜಮಾನರಿಗೆ ಕಲಿಮಾ

ವಾರ್ಡಿನಲ್ಲಿ ಚಾದರ ಬದಲಿಸುವಾಗ ಆಯಾ ಒಂದು ಕೈಯನ್ನು ರೋಗಿಯ ಬೆನ್ನಿಗೆ, ಇನ್ನೊಂದನ್ನು ಸೊಂಟಕ್ಕೆ ಕೊಟ್ಟು ಮೆಲ್ಲಗೆ ಮಗ್ಗುಲಿಗೆ ಹೊರಳಿಸುತ್ತಾಳೆ. ಈ ಒಂದು ಬೆನ್ನಿಗೆ ಕೈ ಕೊಡುವಾಗ ಮಾತ್ರ ಹಲ್ಲು ಕಚ್ಚುತ್ತಿದ್ದಳು.

ಆ ಬೆನ್ನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಯಜಮಾನನದು. ಬಾಯ್ಲರ್ ಸೋರುತ್ತಿದೆ ಎಂದ ಅವಳ ಗಂಡನನ್ನು ಗದರಿಸಿ ಮತ್ತೆ ಒಳಗೆ ಕಳಿಸಿದವನು. ಬಾಯ್ಲರ್ ಸಿಡಿದು ಗಂಡ ಸತ್ತ. ವಿಚಾರಣೆಯಲ್ಲಿ ಯಜಮಾನನ ಕೂದಲೂ ಕೊಂಕಲಿಲ್ಲ. 'ಮೇಲೊಬ್ಬ ನೋಡ್ತಿದಾನೆ' ಎಂದವಳಿಗೆ ಆತ ನಕ್ಕು ಹೇಳಿದ್ದ: 'ದೇವರೂ ಇಲ್ಲ, ದಿಂಡರೂ ಇಲ್ಲ ಕಣಮ್ಮ. ಮನೆಗೆ ಹೋಗು.'

ಆ ನಗುವನ್ನೇ ಅವಳು ಕಾಪಿಟ್ಟುಕೊಂಡಿದ್ದಳು. ನಂಬದೆ ಸತ್ತವನಿಗೆ ನರಕದ ಬೆಂಕಿ, ಅದರಿಂದ ಈಚೆಗೆ ಬರುವ ದಾರಿಯಿಲ್ಲ. ನಮಾಜು ಮುಗಿಸಿ ಕೈಯೆತ್ತಿದಾಗ ಅವನ ಸಾವನ್ನು ಅವಳು ಬೇಡಲಿಲ್ಲ. ಅವನು ಇದ್ದ ಹಾಗೆಯೇ ಸಾಯಲಿ ಎಂದಷ್ಟೇ ಬೇಡಿದಳು.

ಇವತ್ತು ಹೊಸ ಚಾದರ ಎಳೆಯುತ್ತಿದ್ದಾಗ ಆತ ಅವಳ ಸೆರಗು ಹಿಡಿದ.

'ನಿಮ್ಮ ನಂಬಿಕೆಯ ಮಾತು, ಆ ಕಲಿಮಾ, ಹೇಳಿಕೊಡಮ್ಮ.'

'ಯಾಕೆ ಯಜಮಾನ್ರೇ, ದಿಂಡರು ಕಾಣಿಸಿದರಾ?'

'ಸಾಯೋಕೆ ಹೆದರಿಕೆ ಆಗ್ತಿದೆ.'

'ಬಕೆಟ್ ಚೆಲ್ಲಿ ಬರ್ತೀನಿ' ಎಂದು ಆಯಾ ವರಾಂಡಕ್ಕೆ ಹೋದಳು. ಮಸೀದಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಸೋದರಮಾವನಿಗೆ ಫೋನ್ ಮಾಡಿದಳು.

'ಮಾವ, ಜೀವಮಾನವಿಡೀ ನಂಬದವನು ಕೊನೆಗೆ ಕಲಿಮಾ ಹೇಳಿದರೆ?'

'ಉಸಿರು ಗಂಟಲಿಗೆ ಬರೋ ಮುಂಚೆ ಮನಸ್ಸಿಟ್ಟು ಹೇಳಿದರೆ, ಹಿಂದಿನದೆಲ್ಲ ಅಳಿಸಿಹೋಗುತ್ತೆ.'

'ಎಲ್ಲವೂನಾ?'

ಮಾವನಿಗೆ ಯಾರ ಮಾತೆಂದು ಗೊತ್ತಾಯಿತು. 'ಅಲ್ಲಾಹನಿಗೂ ಅವನಿಗೂ ನಡುವೆ ಇದ್ದದ್ದು ಮಾತ್ರ. ನಿನ್ನ ಗಂಡನಿಗೆ ಮಾಡಿದ್ದನ್ನ ನಿನ್ನ ಗಂಡನೇ ಮನ್ನಿಸಬೇಕು. ಆ ಲೋಕದಲ್ಲಿ ಎದುರಿಗೇ ನಿಂತು ಲೆಕ್ಕ ಕೇಳ್ತಾನೆ.'

'ನಾನು ಹೇಳಿಕೊಡದಿದ್ದರೆ?'

'ಕೇಳಿದವನನ್ನ ಕಾಯಿಸಿದರೆ, ಅವನು ನಂಬದೆ ಸಾಯಲಿ ಅಂತ ನೀನೇ ಒಪ್ಪಿದ ಹಾಗೆ. ಅವನ ಹಿಂದೆ ನೀನೂ ಬೆಂಕಿಗೆ ಹೋಗ್ತೀಯ, ತಾಯಿ. ಮೊದಲು ಫೋನಿಡು.'

ಆಯಾ ಒಳಗೆ ಬಂದಳು. ಮಗುವಿಗೆ ಹೇಳಿಕೊಡುವಂತೆ ಒಂದೊಂದೇ ಪದ ಹೇಳಿಕೊಟ್ಟಳು, ಅರ್ಥ ಬಿಡಿಸಿದಳು. ಆತ ತೊದಲಿದಾಗ ನಿಲ್ಲಿಸಿ, ತಿದ್ದಿ, ಮತ್ತೆ ಹೇಳಿಸಿದಳು. ಒಂದು ಅಕ್ಷರವನ್ನೂ ಬಿಡಲಿಲ್ಲ.

ಯಜಮಾನನ ಕಣ್ಣಲ್ಲಿ ನೀರಾಡಿತು. 'ಇನ್ನು ನನ್ನನ್ನ ಕ್ಷಮಿಸಿಬಿಡಮ್ಮ.'

'ನನ್ನ ಕೈಲೇನಿದೆ? ಆ ಕಡೆ ನಮ್ಮೆಜಮಾನ್ರು ಕಾಯ್ತಿದಾರೆ, ಅವರನ್ನೇ ಕೇಳಿ. ಈಗ ನಂಬ್ತೀರಲ್ಲ.'

ಆತ ಬಾಗಿಲಿನತ್ತ ನೋಡಿದ. ಆಮೇಲೆ ಅವನಿಗೆ ಕಣ್ಣು ಮುಚ್ಚುವ ಧೈರ್ಯವೇ ಆಗಲಿಲ್ಲ.

ಆಯಾ ಚಾದರದ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ, ಬಕೆಟ್ ಎತ್ತಿಕೊಂಡಳು. ನಾಳೆ ಬೆಳಿಗ್ಗೆಯೂ ಈ ವಾರ್ಡಿನ ಪಾಳಿ ಅವಳದೇ.